ಸಮೋವಾ ಕಡಲ ಜನರ ಗಿಡಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೆಸಿಫಿಕ್ ದ್ವೀಪಗಳ ಗಿಡಮದ್ದಿನ ಬಗ್ಗೆ ಮಾತು ತೆಗೆದಾಗೆಲ್ಲ ನೋನಿ ಅನ್ನುವ ಹಣ್ಣಿನ ಜ್ಯೂಸಿನಿಂದ ಶುರುವಾಗಿ ಏಡ್ಸ್ ಔಷಧಿಯವರೆಗೆ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಬಂದವನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಹಾಕಿದ್ದೇನೆ. ಸಮೋವಾ, ಹವಾಯಿ, ತಾಹಿತಿ ಎಲ್ಲ ಸೇರುವ ಪಾಲಿನೇಷ್ಯಾ ಬಹಳ ದೊಡ್ಡದು. ಹಾಗಾಗಿ ಸಮೋವಾಕ್ಕೆ ಅಂಟಿಕೊಂಡು, ಬೇಕಾದ ಕಡೆ ಮಾತ್ರ ಹವಾಯಿ, ತಾಹಿತಿಗಳ ಕಡೆ ಹೋಗಿದ್ದೇನೆ. ಪೂರ್ತಿ ಓದಲೇಬೇಕು ಅಂತಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿಗೆ

ಸಮೋವಾ ಎಲ್ಲಿದೆ? ಅವರನ್ನ ಕಡಲ ಜನ ಅಂತ ಯಾಕೆ ಕರೀತಾರೆ?

ನ್ಯೂಜಿಲೆಂಡಿಗೂ ಹವಾಯಿಗೂ ನಡುವೆ ಇರುವ ದ್ವೀಪಗಳು. ಉಪೋಲು ಮತ್ತು ಸವಾಯಿ ದೊಡ್ಡವು. ರಾಜಧಾನಿ ಆಪಿಯಾ ಇರುವುದು ಉಪೋಲುವಿನಲ್ಲಿ. ಜನಸಂಖ್ಯೆ ಸುಮಾರು 2 ಲಕ್ಷ. 1962ರಲ್ಲಿ ಸ್ವತಂತ್ರವಾಯಿತು. ಪಕ್ಕದಲ್ಲೇ ಅಮೆರಿಕನ್ ಸಮೋವಾ ಇದೆ, ಅದು ಬೇರೆ ಆಡಳಿತ. ಜನ ಒಂದೇ.

ಇವರ ಹಿರಿಯರು ಸುಮಾರು 2,800 ವರ್ಷ ಹಿಂದೆ ಪಶ್ಚಿಮದ ಕಡೆಯಿಂದ ದೋಣಿಗಳಲ್ಲಿ ಬಂದರು. ಉಪೋಲುವಿನ ಮುಲಿಫನುವಾ ಎಂಬಲ್ಲಿ ಆ ಕಾಲದ ಮಡಿಕೆ ಚೂರುಗಳು ಸಮುದ್ರದಡಿ ಸಿಕ್ಕಿವೆ. ಮುಂದೆ ಇದೇ ಭಾಗದ ಜನ ತಾಹಿತಿ, ಹವಾಯಿ, ನ್ಯೂಜಿಲೆಂಡ್‌ವರೆಗೆ ಹೋಗಿ ನೆಲೆ ನಿಂತರು. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ನಕ್ಷತ್ರ, ಅಲೆ, ಹಕ್ಕಿ ನೋಡಿಕೊಂಡೇ ಹೋದರು. ಸುಮ್ನೆ ಗಾಳಿಗೆ ಸಿಕ್ಕಿ ತೇಲಿ ಹೋದವರು ಅಂತ ಹೇಳುತ್ತಿದ್ದವರೂ ಇದ್ದರು. 1976ರಲ್ಲಿ ಹೊಕುಲೆಯಾ ಎಂಬ ಜೋಡಿದೋಣಿ ಯಾವ ಉಪಕರಣವೂ ಇಲ್ಲದೆ ಹವಾಯಿಯಿಂದ ತಾಹಿತಿಗೆ, ಅಂದರೆ ಸುಮಾರು 4,000 ಕಿಲೋಮೀಟರ್ ದೂರ, ಸುಮಾರು ಒಂದು ತಿಂಗಳಲ್ಲಿ ಹೋಗಿ ಮುಟ್ಟಿತು. ದಾರಿ ತೋರಿಸಿದವರು ಸತವಾಲ್ ದ್ವೀಪದ ಮೌ ಪಿಯಾಲುಗ್. ಆಮೇಲೆ ಆ ವಾದದ ಸದ್ದು ಬಹಳ ಕಡಿಮೆಯಾಯಿತು.

ಸಮುದ್ರದ ಮಧ್ಯದ ದ್ವೀಪದಲ್ಲಿ ಅಷ್ಟೊಂದು ಔಷಧಿ ಗಿಡ ಎಲ್ಲಿಂದ ಬಂತು?

ಅರ್ಧ ಅಲ್ಲೇ ಇತ್ತು, ಇನ್ನರ್ಧ ದೋಣಿಯಲ್ಲಿ ಬಂತು. ದೂರದ ದ್ವೀಪಗಳಲ್ಲಿ ತಾನಾಗಿ ಬೆಳೆಯುವ ಗಿಡಗಳ ಬಗೆ ಕಡಿಮೆ. ಪೂರ್ವಕ್ಕೆ ಹೋದಷ್ಟೂ ಇನ್ನೂ ಕಡಿಮೆ. ಹೊಸ ದ್ವೀಪದಲ್ಲಿ ಹೊಟ್ಟೆಗೆ ಏನು ಸಿಗುತ್ತದೋ ಅಂತ ನಂಬಿ ಕೂರುವ ಜನ ಇವರಲ್ಲ. ಕೆಸುವಿನ ಗಡ್ಡೆ, ಬಾಳೆ ಕಂದು, ಕಬ್ಬು, ತೆಂಗು, ಜೀಗುಜ್ಜೆಯ ಬೇರುಸಸಿ, ಅರಿಶಿನ, ಕಾವಾ ಕಡ್ಡಿ, ನೋನಿ, ದೀಪಕ್ಕೆ ಎಣ್ಣೆ ಕೊಡುವ ಕುಕುಯಿ ಕಾಯಿ, ಎಲ್ಲವನ್ನೂ ಕಟ್ಟಿಕೊಂಡು ಹೊರಡುತ್ತಿದ್ದರು.

ಇದರಲ್ಲಿ ಒಂದು ವಿಷಯ ಗಮನಿಸಿ. ಅರಿಶಿನ, ಕಾವಾ ಎರಡಕ್ಕೂ ಬಿತ್ತಿ ಬೆಳೆಯುವಂಥ ಬೀಜ ಇಲ್ಲ. ಬೀಜ ಇಲ್ಲದ ಜೀಗುಜ್ಜೆ ತಳಿಗಳೂ ಹಾಗೆಯೇ. ಹಕ್ಕಿಯೋ ಅಲೆಯೋ ತಂದು ಹಾಕಲು ಸಾಧ್ಯವೇ ಇಲ್ಲ. ಯಾರೋ ಆ ತುಂಡನ್ನು ವಾರಗಟ್ಟಲೆ ಉಪ್ಪುನೀರು ತಾಗದಂತೆ, ಒಣಗದಂತೆ ಕಾಪಾಡಿಕೊಂಡು ಬಂದು ನೆಟ್ಟಿದ್ದಕ್ಕೇ ಅವು ಅಲ್ಲಿವೆ. ಇವರ ವೈದ್ಯದ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಅರಿಶಿನ ಅಂದ ಮೇಲೆ ನಮ್ಮ ದೇಶದಿಂದ್ಲೇ ಹೋಗಿದ್ದಲ್ವಾ?

ಅರಿಶಿನದ ತವರು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಡೆ. ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ, ತಲೆಮಾರಿನಿಂದ ತಲೆಮಾರಿಗೆ ಸಾಗಿ ಪೆಸಿಫಿಕ್ ಮುಟ್ಟಿದೆ. ನಮ್ಮ ಕರಾವಳಿಯಿಂದ ಯಾರೋ ಹಡಗಿನಲ್ಲಿ ಕೊಂಡೊಯ್ದರು ಅನ್ನುವುದಕ್ಕೆ ಆಧಾರ ಇಲ್ಲ. ಬಳಕೆ ಮಾತ್ರ ನೋಡಿದರೆ ನಮಗೆ ಹತ್ತಿರವೇ ಅನಿಸುತ್ತದೆ. ಸಮೋವಾದಲ್ಲಿ ಅರಿಶಿನದ ಗಡ್ಡೆಯಿಂದ ತೆಗೆದ ಪುಡಿಗೆ ಲೆಂಗಾ ಅನ್ನುತ್ತಾರೆ. ತೆಂಗಿನೆಣ್ಣೆಯಲ್ಲಿ ಕಲಸಿ ಮೈಗೆ ಹಚ್ಚುತ್ತಾರೆ. ಗಂಡಸರು ಸೊಂಟದಿಂದ ಮೊಣಕಾಲವರೆಗೆ ಹಾಕಿಸಿಕೊಳ್ಳುವ ದೊಡ್ಡ ಹಚ್ಚೆ ಮುಗಿದ ದಿನ ಒಂದು ಶಾಸ್ತ್ರ ಇದೆ. ಆಗ ಎಣ್ಣೆ, ಅರಿಶಿನ ಬಳಿಯುತ್ತಾರೆ. ಹಚ್ಚೆಯ ಕಪ್ಪು ಕೂಡ ಗಿಡದ್ದೇ, ಕುಕುಯಿ ಕಾಯಿ ಸುಟ್ಟ ಮಸಿ.

ತೌಲಾಸೇಯಾ ಅಂದ್ರೆ ಯಾರು? ನಮ್ಮ ಕಡೆ ಮಂತ್ರವಾದಿ ಇದ್ದಾರಲ್ಲ, ಹಾಗಾ?

ಅಲ್ಲ. ತೌಲಾಸೇಯಾ ಅಂದರೆ ಗಿಡಮದ್ದು ಕೊಡುವವರು. ಹೆಚ್ಚಿನವರು ಹೆಂಗಸರು, ಮನೆ, ಮಕ್ಕಳು, ತೋಟ ನೋಡಿಕೊಳ್ಳುತ್ತಲೇ ಈ ಕೆಲಸ ಮಾಡುವವರು. ವಿದ್ಯೆ ಸಾಮಾನ್ಯವಾಗಿ ತಾಯಿಯಿಂದ ಮಗಳಿಗೆ ಬರುತ್ತದೆ. ಹುಡುಗಿ ಚಿಕ್ಕವಳಿದ್ದಾಗಲೇ ಎಲೆ ಕೊಯ್ದು ತರಲು ಹೋಗುತ್ತಾಳೆ, ಹಾಗೇ ಕಲಿಯುತ್ತಾಳೆ. ಮೂಳೆ ಕೂಡಿಸುವವರು ಬೇರೆ, ಸೂಲಗಿತ್ತಿಯರು ಬೇರೆ, ನೀವಿ ವಾಸಿ ಮಾಡುವವರು ಬೇರೆ. ಕೆಲವೊಮ್ಮೆ ಒಬ್ಬರೇ ಎರಡು ಮೂರು ಕೆಲಸ ಮಾಡುವುದೂ ಇದೆ.

ಅಮೆರಿಕದ ಸಸ್ಯವಿಜ್ಞಾನಿ ಪಾಲ್ ಅಲನ್ ಕಾಕ್ಸ್ ಇವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಲೆಕ್ಕದಲ್ಲಿ ಒಬ್ಬ ಒಳ್ಳೆಯ ತೌಲಾಸೇಯಾಗೆ 200ಕ್ಕೂ ಜಾಸ್ತಿ ಗಿಡಗಳ ಹೆಸರು ಗೊತ್ತು, 180ಕ್ಕೂ ಜಾಸ್ತಿ ಬಗೆಯ ಕಾಯಿಲೆ ಗುರುತಿಸುತ್ತಾರೆ, 100ಕ್ಕೂ ಜಾಸ್ತಿ ಮದ್ದು ಮಾಡುತ್ತಾರೆ. ಎಲ್ಲವೂ ಬಾಯಲ್ಲಿ, ಕೈಯಲ್ಲಿ. ಬರೆದಿಟ್ಟ ಗ್ರಂಥ ಇಲ್ಲ.

## ಗಿಡ ಮತ್ತು ಮದ್ದು

ಕಷಾಯ ಕುದಿಸ್ತಾರಾ? ಚೂರ್ಣ, ಲೇಹ್ಯ ಏನಾದ್ರೂ ಇದೆಯಾ?

ನಮ್ಮ ಆಯುರ್ವೇದದ ಕಣ್ಣಲ್ಲಿ ನೋಡಿದರೆ ಇವರದ್ದು ತುಂಬಾ ಸರಳ. ಹಸಿ ಎಲೆ ಅಥವಾ ತೊಗಟೆ ಜಜ್ಜುವುದು, ಬಟ್ಟೆಯಲ್ಲಿ ಕಟ್ಟಿ ತಣ್ಣೀರಲ್ಲಿ ಹಿಂಡುವುದು, ಆ ನೀರು ಕುಡಿಸುವುದು. ಇಲ್ಲವೇ ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿ ನೀವುವುದು. ಒಣಗಿಸಿ ಡಬ್ಬಿಯಲ್ಲಿ ಇಡುವುದು ಕಡಿಮೆ. ವರ್ಷವಿಡೀ ಹಸಿರು ಇರುವ ಊರಲ್ಲಿ ಒಣಗಿಸಿಡುವ ಅಗತ್ಯವಾದರೂ ಏನು? ಒಂದು ಮದ್ದಿಗೆ ಒಂದೆರಡು ಗಿಡ ಸಾಕು, ಇಪ್ಪತ್ತು ಮೂವತ್ತು ಸಾಮಾನು ಹಾಕುವ ಪದ್ಧತಿ ಇಲ್ಲ.

ನೀವುವುದನ್ನು ಮಾತ್ರ ಕಡೆಗಣಿಸಬೇಡಿ. ಹೊಟ್ಟೆಯೊಳಗೆ ಹೊಕ್ಕುಳಿನ ಹತ್ತಿರ ತೊಆಲ ಅನ್ನುವ ಒಂದು ಭಾಗ ಇದೆ, ಅದು ಜಾಗ ಬಿಟ್ಟು ಸರಿದರೆ ಕಾಯಿಲೆ ಬರುತ್ತದೆ ಅಂತ ಅವರ ತಿಳಿವಳಿಕೆ. ಎಣ್ಣೆ ಹಚ್ಚಿ ನೀವಿ ಅದನ್ನು ಜಾಗಕ್ಕೆ ತರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬಟ್ಟಿ ಜಾರಿದೆ ಅಂತ ಹೊಟ್ಟೆ ತಿಕ್ಕಿಸಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡದ ಪಟ್ಟಿ ಮಾತ್ರ ಬರೆದುಕೊಂಡು ಬಂದವರಿಗೆ ಈ ಭಾಗ ಪೂರ್ತಿ ತಪ್ಪಿಹೋಗುತ್ತದೆ.

ಅವರು ಬಳಸೋ ಗಿಡಗಳು ನಮ್ಮ ಕಡೆ ಇವೆಯಾ?

ಬೇಕಾದಷ್ಟಿವೆ, ಅದರಲ್ಲೂ ಕರಾವಳಿಯಲ್ಲಿ. ಕಡಲ ದಂಡೆಯ ಸುರಹೊನ್ನೆ ಮರವನ್ನೇ ತಗೊಳ್ಳಿ. ನಮ್ಮಲ್ಲಿ ಹೊನ್ನೆ ಎಣ್ಣೆ ದೀಪಕ್ಕೆ ಹೋಗುತ್ತಿತ್ತು. ತಾಹಿತಿಯಲ್ಲಿ ಅದೇ ಎಣ್ಣೆ ಗಾಯಕ್ಕೆ, ಚರ್ಮದ ತೊಂದರೆಗೆ. ಈಗ ತಮಾನು ಎಣ್ಣೆ ಅಂತ ಚಿಕ್ಕ ಬಾಟಲಿಯಲ್ಲಿ ದೊಡ್ಡ ರೇಟಿಗೆ ಮಾರಾಟವಾಗುವುದು ಇದೇ. ಮಂಗಳೂರಿನ ಜೀಗುಜ್ಜೆ ಪೋಡಿ ಎಲ್ಲರಿಗೂ ಗೊತ್ತು. ಹವಾಯಿಯಲ್ಲಿ ಆ ಮರದ ಹಾಲನ್ನು ಚರ್ಮ ಒಡೆದ ಕಡೆ ಹಚ್ಚುತ್ತಿದ್ದರು, ದೋಣಿಯ ಸಂದುಗಳಿಗೂ ಮೆತ್ತುತ್ತಿದ್ದರು. ತೋಟದ ಅಂಚಿನ ಒಂದೆಲಗವೂ ಪೆಸಿಫಿಕ್ ದ್ವೀಪಗಳಲ್ಲಿ ಮದ್ದಿನ ಗಿಡ. ನಾವು ಅಂದಕ್ಕೆ ಕುಂಡದಲ್ಲಿ ಬೆಳೆಸುವ ಕೆಂಪೆಲೆಯ ಟೀ ಗಿಡ ಇದೆಯಲ್ಲ (ಕುಡಿಯುವ ಟೀ ಅಲ್ಲ), ಅದರ ಎಲೆಯನ್ನು ಹವಾಯಿಯಲ್ಲಿ ಜ್ವರ, ತಲೆನೋವು ಬಂದಾಗ ಹಣೆಗೆ ಕಟ್ಟುತ್ತಾರೆ.

ಇನ್ನು ಸೀಬೆ. ಅಮೆರಿಕ ಖಂಡದಿಂದ ಸಮೋವಾಕ್ಕೂ ಬಂತು, ನಮಗೂ ಬಂತು. ಎರಡೂ ಕಡೆ ಜನ ಅದರ ಚಿಗುರನ್ನು ಭೇದಿಗೆ ಕೊಡುತ್ತಾರೆ. ಪಶ್ಚಿಮ ಘಟ್ಟದ ತೋಟಗಳನ್ನು ಹಾಳುಮಾಡುತ್ತಿರುವ ಮಿಕೇನಿಯಾ ಬಳ್ಳಿ ಅಲ್ಲೂ ಹೊರಗಿಂದ ಬಂದ ಕಳೆಯೇ. ಅಲ್ಲಿನವರು ಅದರ ಎಲೆ ಜಜ್ಜಿ ಕೊಯ್ದ ಗಾಯಕ್ಕೆ ಹಚ್ಚಲು ಶುರುಮಾಡಿದ್ದಾರೆ.

ನೋನಿ ಜ್ಯೂಸ್ ಕುಡೀತಿದ್ದೀನಿ, ಶುಗರ್, ಬಿಪಿ, ಕ್ಯಾನ್ಸರ್ ಎಲ್ಲಾ ಹೋಗುತ್ತೆ ಅಂತಾರೆ. ಪಾಲಿನೇಷ್ಯಾದವರು ಹೀಗೇ ಕುಡೀತಿದ್ರಾ?

ಇಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಇಷ್ಟು ಮಿಲಿಲೀಟರ್ ಅನ್ನುವ ಪದ್ಧತಿ ಮಾರಾಟದವರು ಮಾಡಿದ್ದು. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಒಂದು ಕಂಪನಿ ತಾಹಿತಿಯ ನೋನಿ ರಸವನ್ನು ಬಾಟಲಿಯಲ್ಲಿ ಮಾರಲು ಶುರುಮಾಡಿತು, ಒಬ್ಬರಿಂದ ಒಬ್ಬರಿಗೆ ಸೇರಿಸಿಕೊಳ್ಳುವ ನೆಟ್‌ವರ್ಕ್ ವ್ಯಾಪಾರದ ರೀತಿಯಲ್ಲಿ. ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು, ನಮ್ಮ ಊರುಗಳಿಗೂ ಬಂತು.

ದ್ವೀಪಗಳ ಹಳೆಯ ಬಳಕೆ ಹೆಚ್ಚಾಗಿ ಹೊರಗೆ. ಎಲೆ ಬಿಸಿಮಾಡಿ ಕುರುವಿನ ಮೇಲೆ, ನೋಯುವ ಕೀಲಿನ ಮೇಲೆ ಇಡುವುದು. ಹಣ್ಣನ್ನೂ ಬಳಸುತ್ತಾರೆ. ಆದರೆ ಮಾಗಿದ ನೋನಿಯ ವಾಸನೆ ಒಮ್ಮೆ ನೋಡಿದವರು ಅದನ್ನು ದಿನಾ ಖುಷಿಗೆ ಕುಡಿಯುತ್ತಿದ್ದರು ಅಂದರೆ ನಂಬುವುದಿಲ್ಲ. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅನ್ನುವುದಕ್ಕೆ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ನೋನಿಯಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ತೊಂದರೆ ಇದ್ದವರೊಬ್ಬರಿಗೆ ಇದರಿಂದ ಪೊಟ್ಯಾಶಿಯಂ ಏರಿದ ಪ್ರಕರಣ 2000ದಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಲಿವರ್‌ಗೆ ಪೆಟ್ಟು ಬಿದ್ದಿರಬಹುದೆಂಬ ವರದಿಗಳೂ ಇವೆ. ಕಿಡ್ನಿ, ಲಿವರ್ ಸಮಸ್ಯೆ ಇದ್ದರೆ ಅಥವಾ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರ್‌ಗೆ ಹೇಳದೆ ಕುಡಿಯಬೇಡಿ. ಶುಗರ್ ಮಾತ್ರೆ ನಿಲ್ಲಿಸಿ ಇದನ್ನು ಹಿಡಿಯುವುದಂತೂ ಬೇಡವೇ ಬೇಡ.

ಕಾವಾ ಅನ್ನೋದು ಹೆಂಡಾನಾ, ಮದ್ದಾ?

ಎರಡೂ ಅಲ್ಲ, ಅಥವಾ ಸ್ವಲ್ಪ ಸ್ವಲ್ಪ ಎರಡೂ. ಇದು ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಕುಲದ್ದೇ ಗಿಡ. ಬೇರನ್ನು ಜಜ್ಜಿ ತಣ್ಣೀರಲ್ಲಿ ಹಿಂಡಿ, ನಾರಿನಲ್ಲಿ ಸೋಸಿ, ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಾರೆ. ಹುದುಗಿಸುವುದಿಲ್ಲ, ಮದ್ಯಸಾರ ಇಲ್ಲ. ನಾಲಿಗೆ ಜೋಮು ಹಿಡಿಯುತ್ತದೆ, ಮೈ ಸಡಿಲವಾಗುತ್ತದೆ, ಮನಸ್ಸು ತಣ್ಣಗಾಗುತ್ತದೆ. ಸಮೋವಾದಲ್ಲಿ ಆವಾ (ಕಾವಾಕ್ಕೆ ಅಲ್ಲಿನ ಹೆಸರು) ಇಲ್ಲದೆ ದೊಡ್ಡ ಸಭೆ ಶುರುವಾಗುವುದಿಲ್ಲ. ಯಾರಿಗೆ ಮೊದಲ ಚಿಪ್ಪು, ಯಾರಿಗೆ ಆಮೇಲೆ ಅನ್ನುವುದಕ್ಕೆ ಕಟ್ಟುನಿಟ್ಟಿನ ಕ್ರಮ ಇದೆ.

ಯುರೋಪಿನಲ್ಲಿ ಆತಂಕಕ್ಕೆ ಅಂತ ಇದರ ಮಾತ್ರೆ ಬಂತು. ಲಿವರ್ ಹಾಳಾದ ದೂರುಗಳ ಮೇಲೆ ಜರ್ಮನಿ 2002ರಲ್ಲಿ ನಿಷೇಧಿಸಿತು, 2014ರಲ್ಲಿ ಅಲ್ಲಿನ ಕೋರ್ಟ್ ಆ ನಿಷೇಧ ತಪ್ಪು ಅಂದಿತು. ಬರೀ ಬೇರನ್ನು ನೀರಲ್ಲಿ ಹಿಂಡಿದ್ದು ಬೇರೆ, ರಾಸಾಯನಿಕ ದ್ರಾವಕದಲ್ಲಿ ಸಾರ ತೆಗೆದು ಮಾತ್ರೆ ಮಾಡಿದ್ದು ಬೇರೆ ಅನ್ನುವುದು ದ್ವೀಪದವರ ವಾದ. ಅದರಲ್ಲಿ ಹುರುಳಿದೆ. ಹಾಗಂತ ಅತಿಯಾಗಿ ಕುಡಿದರೆ ಏನೂ ಆಗಲ್ಲ ಅಂತಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರ ಚರ್ಮ ಒಣಗಿ ಹೊಟ್ಟು ಏಳುವುದು ಅಲ್ಲಿನವರಿಗೇ ಗೊತ್ತಿರುವ ವಿಷಯ.

ಕಡಲಲ್ಲೇ ಬದುಕೋರಿಗೆ ಮೀನಿನ ವಿಷ ಏರಿದ್ರೆ ಏನು ಮಾಡ್ತಾರೆ?

ಹವಳ ದಿಬ್ಬದ ದೊಡ್ಡ ಮೀನುಗಳಲ್ಲಿ ಕೆಲವೊಮ್ಮೆ ಸಿಗ್ವಟೆರಾ ಅನ್ನುವ ವಿಷ ಸೇರಿಕೊಂಡಿರುತ್ತದೆ. ಕಣ್ಣಿಗೆ ಕಾಣದ ಪಾಚಿಯಿಂದ ಶುರುವಾಗಿ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಬರುತ್ತದೆ. ರುಚಿಯಲ್ಲಿ, ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ವಾಂತಿ, ಭೇದಿ, ಬಾಯಿ ಕೈ ಜುಮ್ಮೆನ್ನುವುದು. ತಣ್ಣೀರು ಮುಟ್ಟಿದರೆ ಸುಟ್ಟಂತೆ ಆಗುವುದು ಇದರ ವಿಚಿತ್ರ ಗುರುತು. 2016ರಲ್ಲಿ ಮಂಗಳೂರಿನಲ್ಲೂ ಕೆಂಪು ಸ್ನ್ಯಾಪರ್ ಮೀನು ತಿಂದವರಲ್ಲಿ ಇದು ವರದಿಯಾಗಿತ್ತು.

ಪೆಸಿಫಿಕ್‌ನ ಹಲವು ದ್ವೀಪಗಳಲ್ಲಿ ಇದಕ್ಕೆ ದಂಡೆಯ ಮೇಲೆ ಬೆಳೆಯುವ ಒಂದು ಗಿಡ್ಡ ಮರದ ಎಲೆ ಕೊಡುತ್ತಾರೆ. ಬೂದುಬಣ್ಣದ, ರೇಷ್ಮೆಯಂಥ ರೋಮ ಇರುವ ಎಲೆ, ಸಸ್ಯಶಾಸ್ತ್ರದಲ್ಲಿ ಹೀಲಿಯೊಟ್ರೋಪಿಯಂ ಜಾತಿ. ನ್ಯೂ ಕ್ಯಾಲಿಡೋನಿಯಾದಲ್ಲಿ ಇದರ ಬಳಕೆ ಚೆನ್ನಾಗಿ ದಾಖಲಾಗಿದೆ. ಅದರಲ್ಲಿರುವ ರೋಸ್ಮರಿನಿಕ್ ಆಮ್ಲ ಈ ವಿಷದ ವಿರುದ್ಧ ಕೆಲಸ ಮಾಡುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಆಸ್ಪತ್ರೆಯಲ್ಲೂ ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ, ಹಾಗಾಗಿ ವಿಜ್ಞಾನಿಗಳಿಗೆ ಇದರ ಮೇಲೆ ಕಣ್ಣಿದೆ. ಅದಕ್ಕೂ ಮೊದಲಿನ ಜ್ಞಾನ ಇನ್ನೊಂದಿದೆ: ಯಾವ ದಿಬ್ಬದ ಯಾವ ಮೀನನ್ನು ತಿನ್ನಬಾರದು ಅನ್ನುವುದು. ಅದು ಮೀನುಗಾರರ ಬಳಿ ಇರುತ್ತದೆ.

## ನಂಬಿಕೆ, ದುಡ್ಡು, ಹಳತು ಹೊಸತು

ದೆವ್ವ ಹಿಡಿದ್ರೂ ಎಲೆ ರಸ ಕೊಡ್ತಾರಂತಲ್ಲ. ಇದೆಲ್ಲ ಮೂಢನಂಬಿಕೆ ತಾನೇ?

ಮತಲಾಫಿ ಅನ್ನುವ ಗಿಡದ ಬಗ್ಗೆ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಕಾಫಿ ಗಿಡದ ಕುಟುಂಬಕ್ಕೆ ಸೇರಿದ ಪೊದೆ ಅದು. ಎಲೆ ಜಜ್ಜಿ ಹಿಂಡಿದ ರಸವನ್ನು ಜ್ವರಕ್ಕೆ, ಮೈಕೈ ನೋವಿಗೆ, ಬಾವಿಗೆ, ಗಾಯಕ್ಕೆ ಕೊಡುತ್ತಾರೆ. ಸತ್ತವರ ಆತ್ಮ ಮೆಟ್ಟಿಕೊಂಡು ಬಂದಿದೆ ಅನ್ನುವ ಕಾಯಿಲೆಗೂ ಕೊಡುತ್ತಾರೆ.

ಸಮೋವಾದ ವಿಜ್ಞಾನಿ ಸೆಸೇಯಿ ಮೊಲಿಮೌ-ಸಮಸೋನಿ ಮತ್ತು ತಂಡ ಇದನ್ನು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿತು. ಬ್ರೆಡ್ಡಿಗೆ ಹಾಕುವ ಯೀಸ್ಟ್ ಮೇಲೆ ಮೊದಲು ಪ್ರಯೋಗ ಮಾಡಿದರು, ಆಗ ಈ ರಸ ಜೀವಕೋಶದ ಕಬ್ಬಿಣಾಂಶವನ್ನು ಹಿಡಿದುಕೊಳ್ಳುತ್ತದೆ ಅನ್ನುವ ಸುಳಿವು ಸಿಕ್ಕಿತು. ಆಮೇಲೆ ರೋಗನಿರೋಧಕ ಕೋಶಗಳ ಮೇಲೆ ನೋಡಿದರು. ಉರಿಯೂತ ಕಡಿಮೆ ಮಾಡುವುದರಲ್ಲಿ ಐಬುಪ್ರೊಫೆನ್ ಮಾತ್ರೆಗೆ ಸರಿಸಮ ಅನ್ನುವಂತೆ ಕಂಡಿತು. ಕಾರಣವಾದ ಎರಡು ಅಂಶಗಳನ್ನೂ ಗುರುತಿಸಿದರು, ರುಟಿನ್ ಮತ್ತು ನಿಕೋಟಿಫ್ಲೋರಿನ್. ಇದೆಲ್ಲ ಪ್ರಯೋಗಾಲಯದ ಕೋಶಗಳಲ್ಲಿ ನಡೆದದ್ದು, ಮನುಷ್ಯರ ಮೇಲಿನ ಪರೀಕ್ಷೆ ಅಲ್ಲ ಅನ್ನುವುದು ನೆನಪಿರಲಿ.

ಜ್ವರ ನೆತ್ತಿಗೇರಿ ಬಡಬಡಿಸುವವರನ್ನು ನೋಡಿ ಊರವರು ಮೆಟ್ಟಿಕೊಂಡಿದೆ ಅಂದರೆ, ಕಾರಣ ಹೇಳುವಾಗ ಅವರು ದಾರಿ ತಪ್ಪಿರಬಹುದು. ಕೊಟ್ಟ ಎಲೆ ಜ್ವರ ಇಳಿಸಿದರೆ ಎಲೆ ಸರಿಯಾದದ್ದೇ. ಎರಡನ್ನೂ ಒಂದೇ ಕಟ್ಟಿಗೆ ಸುತ್ತಿ ಬಿಸಾಡಬೇಡಿ ಅಂತಷ್ಟೇ ನಾನು ಹೇಳುವುದು.

ಫೀಸ್ ತಗೊಳ್ಳೋದೇ ಇಲ್ವಾ?

ಇಷ್ಟು ಕೊಡು ಅಂತ ಕೇಳುವುದಿಲ್ಲ. ಕೇಳಿದರೆ ಮದ್ದಿನ ಶಕ್ತಿ ಹೋಗುತ್ತದೆ ಅನ್ನುವ ನಂಬಿಕೆ ಇದೆ. ವಾಸಿಯಾದವರು ಊಟದ ಸಾಮಾನು, ಚಾಪೆ, ಬಟ್ಟೆ, ಈಗೀಗ ಸ್ವಲ್ಪ ದುಡ್ಡು ಕೊಡುವುದುಂಟು. ಎಲೆ ಅಡಿಕೆ ಮೇಲೆ ಇಟ್ಟಷ್ಟು ತಗೊಳ್ಳುವ ನಮ್ಮ ನಾಟಿ ವೈದ್ಯರ ಕ್ರಮವೇ.

ಇದು ಮೂರು ಸಾವಿರ ವರ್ಷದಿಂದ ಒಂಚೂರೂ ಬದಲಾಗದೆ ಬಂದಿರೋ ಜ್ಞಾನ ಅಂತ ಓದಿದ್ದೆ. ನಿಜನಾ?

ಪ್ರವಾಸದ ಪುಸ್ತಕಗಳಿಗೆ ಆ ವಾಕ್ಯ ಇಷ್ಟ. ವಿಷಯ ಹಾಗಿಲ್ಲ. ಮಿಷನರಿಗಳು 1830ರಲ್ಲಿ ಬರುವ ಮೊದಲು ಸಮೋವಾದಲ್ಲಿ ಕಾಯಿಲೆಯನ್ನು ಹೆಚ್ಚಾಗಿ ದೈವದ ಸಿಟ್ಟು, ಹಿರಿಯರ ಸಿಟ್ಟು ಅಂತ ನೋಡುತ್ತಿದ್ದರು. ಗಿಡಮದ್ದಿನ ಪಾಲು ಚಿಕ್ಕದಿತ್ತು, ಹೊರಗಿನ ರೋಗಗಳು ಬಂದ ಮೇಲೆ ಅದು ಬೆಳೆಯಿತು ಅಂತ ಹಲವು ಸಂಶೋಧಕರ ಅಭಿಪ್ರಾಯ. ಈಗಲೂ ಅಲ್ಲಿನವರು ಕಾಯಿಲೆಗಳನ್ನು ಎರಡಾಗಿ ವಿಂಗಡಿಸುತ್ತಾರೆ: ಸಮೋವಾ ಕಾಯಿಲೆಗಳು ಮತ್ತು ಪಾಲಂಗಿ, ಅಂದರೆ ಬಿಳಿಯರ ಕಾಯಿಲೆಗಳು. ಮೊದಲನೆಯದಕ್ಕೆ ತೌಲಾಸೇಯಾ, ಎರಡನೆಯದಕ್ಕೆ ಆಸ್ಪತ್ರೆ. ಒಂದು ಕಡೆ ಗುಣವಾಗದಿದ್ದರೆ ಇನ್ನೊಂದು ಕಡೆ ಹೋಗುತ್ತಾರೆ.

ಹೊರಗಿಂದ ಬಂದ ಸೀಬೆ, ಮಿಕೇನಿಯಾ ಮದ್ದಾದದ್ದನ್ನೂ ಇದರ ಜೊತೆ ಇಟ್ಟು ನೋಡಿ. ದೋಣಿಯಲ್ಲಿ ಗಿಡ ತಂದು ಹೊಸ ನೆಲದಲ್ಲಿ ನೆಟ್ಟು, ಅಲ್ಲಿರುವುದನ್ನೂ ಮುಟ್ಟಿ ನೋಡಿ ಕಲಿತ ಜನ ಇವರು. ಆ ಕೆಲಸ ಅವರು ನಿಲ್ಲಿಸಿಲ್ಲ. ಹಳೆಯದು ಅನ್ನುವುದಕ್ಕಿಂತ ಇನ್ನೂ ನಡೆಯುತ್ತಿದೆ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

## ಸ್ವಲ್ಪ ಆಳಕ್ಕೆ

ಸಮೋವಾದಲ್ಲಿ ಏಡ್ಸ್‌ಗೆ ಔಷಧಿ ಸಿಕ್ಕಿತ್ತು ಅಂತ ಕೇಳಿದ್ದೆ. ಆಮೇಲೆ ಸುದ್ದಿನೇ ಇಲ್ಲ, ಏನಾಯ್ತು?

ಆ ಮರ ಮಮಾಲ. ನಮ್ಮ ಹರಳು ಗಿಡದ ಕುಟುಂಬದ್ದು. ಕಾಕ್ಸ್ 1984ರಲ್ಲಿ ಸವಾಯಿ ದ್ವೀಪದ ಫಾಲೆಯಲುಪೊ ಹಳ್ಳಿಗೆ ಹೋದರು. ಅವರ ತಾಯಿ ಕ್ಯಾನ್ಸರ್‌ನಿಂದ ಹೋಗಿದ್ದರು, ಹೊಸ ಔಷಧಿ ಹುಡುಕುವ ಹಟ ಇತ್ತು. ಹರೆಯದಲ್ಲಿ ಧರ್ಮಪ್ರಚಾರಕ್ಕೆ ಬಂದು ಭಾಷೆ ಕಲಿತದ್ದು ಕೈಹಿಡಿಯಿತು. ಅಲ್ಲಿನ ತೌಲಾಸೇಯಾಗಳು ಮಮಾಲದ ಕಾಂಡದ ಸಾರವನ್ನು ಕಾಮಾಲೆಗೆ ಕೊಡುತ್ತೇವೆ ಅಂದರು. ಕಾಮಾಲೆ ಹಲವು ಸಲ ವೈರಸ್‌ನಿಂದ ಬರುವ ಕಾಯಿಲೆ, ಹಾಗಾಗಿ ಮಾದರಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಹೋಯಿತು. ಅದರಿಂದ ಪ್ರೊಸ್ಟ್ರಾಟಿನ್ ಎಂಬ ವಸ್ತು ಬೇರ್ಪಟ್ಟು, ಎಚ್‌ಐವಿ ವಿರುದ್ಧ ಕೆಲಸ ಮಾಡುತ್ತದೆ ಅಂತ 1992ರಲ್ಲಿ ಪ್ರಕಟವಾಯಿತು.

ವಿಶೇಷ ಏನೆಂದರೆ, ಎಚ್‌ಐವಿ ಕೆಲವು ಜೀವಕೋಶಗಳ ಒಳಗೆ ಸದ್ದಿಲ್ಲದೆ ಅಡಗಿ ಕೂರುತ್ತದೆ. ಮಾತ್ರೆಗಳು ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೇ ಮಾತ್ರೆ ನಿಲ್ಲಿಸಿದರೆ ಮತ್ತೆ ಏಳುತ್ತದೆ. ಹೊಗೆ ಹಾಕಿ ಬಿಲದ ಇಲಿಯನ್ನು ಹೊರಗೆ ಓಡಿಸಿದ ಹಾಗೆ ಪ್ರೊಸ್ಟ್ರಾಟಿನ್ ಅದನ್ನು ಎಬ್ಬಿಸಿ ಹೊರಗೆ ತರುತ್ತದೆ. ಹೊರಗೆ ಬಂದರೆ ಬೇರೆ ಔಷಧಿ ನೋಡಿಕೊಳ್ಳಬಹುದು ಅನ್ನುವುದು ಆಸೆ.

ಆದರೆ ಮರ ಮರಕ್ಕೂ ಈ ಅಂಶದ ಪ್ರಮಾಣ ಬೇರೆ, ಸಿಗುವುದೂ ಅತಿ ಕಡಿಮೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಾಲ್ ವೆಂಡರ್ ತಂಡ ಇದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ದಾರಿ ತೋರಿಸಿತು. ಯಾವುದರಿಂದ ಗೊತ್ತಾ? ನಮ್ಮ ಹಿರಿಯರು ಹೆಸರು ಹೇಳಿದರೇ ಹೆದರುವ ಜಾಪಾಳದ ಬೀಜದ ಎಣ್ಣೆಯಿಂದ ಸಿಗುವ ವಸ್ತುವಿನಿಂದ. ಇಷ್ಟಾದರೂ ಮಾರುಕಟ್ಟೆಗೆ ಬಂದ ಔಷಧಿ ಇನ್ನೂ ಆಗಿಲ್ಲ. ಸಿಕ್ಕಿತು ಅಂದದ್ದು ಅವಸರದ ಮಾತು.

ಆ ಹಳ್ಳಿಯವರು ಕಾಡು ಉಳಿಸಿಕೊಂಡ ಕಥೆ ಏನದು?

1980ರ ದಶಕದ ಕೊನೆಗೆ ಸರ್ಕಾರ ಫಾಲೆಯಲುಪೊದವರಿಗೆ ಸರಿಯಾದ ಶಾಲೆ ಕಟ್ಟಿ ಅಂತ ಪಟ್ಟು ಹಿಡಿಯಿತು. ಹಳ್ಳಿಯಲ್ಲಿ ದುಡ್ಡಿಲ್ಲ. ಕಾಡು ಕಡಿಯುವ ಕಂಪನಿಯೊಂದು ಕಾದು ಕೂತಿತ್ತು, ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಕಾಕ್ಸ್ ಶಾಲೆಯ ಸಾಲ ತೀರಿಸುವ ಮಾತು ಕೊಟ್ಟು, ಹೊರಗೆ ದುಡ್ಡು ಎತ್ತಿ ತಂದರು. 1989ರಲ್ಲಿ ಒಪ್ಪಂದವಾಯಿತು. ಸುಮಾರು 30,000 ಎಕರೆ ಮಳೆಕಾಡನ್ನು 50 ವರ್ಷ ಕಡಿಯುವುದಿಲ್ಲ, ಆದರೆ ಜಮೀನು ಹಳ್ಳಿಯವರದೇ, ಮದ್ದಿಗೆ, ದೋಣಿಗೆ, ಮನೆಬಳಕೆಗೆ ಬೇಕಾದ್ದು ತಗೊಳ್ಳಬಹುದು. ಮುಂದಿನ ಎರಡು ವರ್ಷ, 1990ರಲ್ಲಿ ಓಫಾ, 1991ರಲ್ಲಿ ವ್ಯಾಲ್, ಎರಡು ದೊಡ್ಡ ಚಂಡಮಾರುತ ಬಂದು ಹಳ್ಳಿಯನ್ನೂ ಕಾಡನ್ನೂ ಅಪ್ಪಳಿಸಿದವು. ಒಪ್ಪಂದ ಉಳಿಯಿತು. 1997ರಲ್ಲಿ ಹಳ್ಳಿಯ ಮುಖಂಡ ಫುಯೊನೊ ಸೆನಿಯೊ ಮತ್ತು ಕಾಕ್ಸ್ ಇಬ್ಬರಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಎಲ್ಲರೂ ಕಾಕ್ಸ್ ಹೆಸರನ್ನೇ ಹೇಳುತ್ತಾರೆ. ಬೇಡ ಅಂದು ದುಡ್ಡು ಬಿಟ್ಟವರು ಹಳ್ಳಿಯವರು.

ಔಷಧಿ ಕಂಪನಿ ಲಾಭ ಮಾಡಿದ್ರೆ ಆ ಅಜ್ಜಿಯರಿಗೆ ಏನು ಸಿಗುತ್ತೆ? ನಮ್ಮಲ್ಲಿ ಹೀಗೆ ಏನಾದ್ರೂ ಇದೆಯಾ?

2001ರಲ್ಲಿ ಅಮೆರಿಕದ ಒಂದು ಏಡ್ಸ್ ಸಂಶೋಧನಾ ಸಂಸ್ಥೆ ಮತ್ತು ಸಮೋವಾ ಸರ್ಕಾರದ ನಡುವೆ ಒಪ್ಪಂದವಾಯಿತು. ಪ್ರೊಸ್ಟ್ರಾಟಿನ್‌ನಿಂದ ಲಾಭ ಬಂದರೆ ಅದರಲ್ಲಿ 20 ಪರ್ಸೆಂಟ್ ಸಮೋವಾಕ್ಕೆ. ಅದರೊಳಗೆ ಸರ್ಕಾರಕ್ಕೆ, ಹಳ್ಳಿಗೆ, ಮಾಹಿತಿ ಕೊಟ್ಟ ತೌಲಾಸೇಯಾಗಳ ಕುಟುಂಬಕ್ಕೆ ಬೇರೆ ಬೇರೆ ಪಾಲು. ಕುಟುಂಬಗಳ ಪಾಲು ತೀರಾ ಚಿಕ್ಕದು, ಅದು ನನಗೆ ಸರಿ ಕಾಣುವುದಿಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಮರದ ಜೀನ್‌ಗಳ ಮೇಲಿನ ಕೆಲಸಕ್ಕೆ ಅರ್ಧಕ್ಕರ್ಧ ಪಾಲು ಒಪ್ಪಿಕೊಂಡಿತು. ಔಷಧಿಯೇ ಬರದ ಕಾರಣ ದೊಡ್ಡ ದುಡ್ಡು ಬಂದಿಲ್ಲ. ಆದರೂ ಗಿಡದ ಜೊತೆ ಗಿಡ ತೋರಿಸಿದವರ ಹೆಸರೂ ಕಾಗದದಲ್ಲಿ ಬಂತು.

ನಮಗೆ ಹತ್ತಿರದ್ದು ಕೇರಳದ ಕಾಣಿ ಬುಡಕಟ್ಟಿನ ಕಥೆ. ಅಗಸ್ತ್ಯಮಲೆಯ ಕಾಣಿ ಜನ ದಣಿವಿಗೆ ತಿನ್ನುವ ಆರೋಗ್ಯಪಚ್ಚ ಗಿಡದಿಂದ ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಜೀವನಿ ಎಂಬ ಔಷಧಿ ಮಾಡಿತು. ಪರವಾನಗಿ ಶುಲ್ಕ, ರಾಯಲ್ಟಿಯ ಅರ್ಧ ಕಾಣಿಗಳ ಟ್ರಸ್ಟಿಗೆ ಅಂತ ಒಪ್ಪಂದವಾಯಿತು. ಉಲ್ಟಾ ಉದಾಹರಣೆಯೂ ಇದೆ. ಅರಿಶಿನ ಗಾಯ ಮಾಯಿಸುತ್ತದೆ ಅಂತ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟೇಬಿಟ್ಟರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ನಮ್ಮ ಹತ್ತಿರ ಬರೆದದ್ದು ಇತ್ತು, ಗೆದ್ದೆವು. ಬಾಯಲ್ಲೇ ಇರುವ ಜ್ಞಾನದವರು ಏನು ತೋರಿಸಬೇಕು?

ಇಷ್ಟೆಲ್ಲ ಮದ್ದು ಗೊತ್ತಿದ್ದೂ 1918ರ ಫ್ಲೂನಲ್ಲಿ ಸಮೋವಾದಲ್ಲಿ ಅಷ್ಟು ಜನ ಸತ್ತಿದ್ದು ಯಾಕೆ?

ಯಾಕೆಂದರೆ ಅದು ಎಲೆ ರಸಕ್ಕೆ ಬಗ್ಗುವ ಕಾಯಿಲೆ ಅಲ್ಲ. ಆಕ್ಲೆಂಡ್‌ನಿಂದ ಬಂದ ತಲೂನ್ ಹಡಗು 1918ರ ನವೆಂಬರ್ 7ರಂದು ಆಪಿಯಾ ಮುಟ್ಟಿತು. ಹಡಗಿನಲ್ಲಿ ಕಾಯಿಲೆಯವರಿದ್ದರು. ಆಗ ಆಡಳಿತ ನ್ಯೂಜಿಲೆಂಡಿನದು, ತಡೆಯಲಿಲ್ಲ. ಸುಮಾರು 8,500 ಜನ ಸತ್ತರು, ಅಂದರೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಹಿರಿಯರು ಹೋದ ಮನೆಗಳಲ್ಲಿ ಅವರ ವಿದ್ಯೆಯೂ ಹೋಯಿತು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಹಡಗುಗಳನ್ನು ತಡೆದು ಕಟ್ಟುನಿಟ್ಟಾಗಿ ಕ್ವಾರಂಟೈನ್ ಮಾಡಿದರು. ಅಲ್ಲಿ ಒಬ್ಬರೂ ಸಾಯಲಿಲ್ಲ. ಎರಡೂ ಕಡೆ ಗಿಡ ಅವೇ, ಜನ ಅವರೇ. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ತಮ್ಮ ಆಡಳಿತದ ತಪ್ಪುಗಳಿಗೆ ಸಮೋವಾದ ಕ್ಷಮೆ ಕೇಳಿದರು.

2019ರದ್ದು ಇನ್ನೂ ಹತ್ತಿರದ ನೋವು. ಹಿಂದಿನ ವರ್ಷ ಇಬ್ಬರು ನರ್ಸ್‌ಗಳು ಲಸಿಕೆಗೆ ನೀರಿನ ಬದಲು ಬೇರೆ ಔಷಧಿ ಬೆರೆಸಿ ಎರಡು ಮಕ್ಕಳು ತೀರಿಹೋಗಿದ್ದವು. ಜನ ಹೆದರಿದರು, ಲಸಿಕೆ ಹಾಕಿಸುವುದು ಪಾತಾಳಕ್ಕೆ ಬಿತ್ತು. ದಡಾರ ಬಂದಾಗ 83 ಜನ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು. ಎಷ್ಟೋ ಮನೆಯವರು ಮೊದಲು ಗಿಡಮದ್ದಿಗೆ ಹೋಗಿ, ಕೈಮೀರಿದ ಮೇಲೆ ಆಸ್ಪತ್ರೆಗೆ ಬಂದರು. ಪಪ್ಪಾಯಿ ಎಲೆ, ವಿಟಮಿನ್ ಸಾಕು ಅಂತ ಪ್ರಚಾರ ಮಾಡಿದವರೂ ಇದ್ದರು. ಡೆಂಗ್ಯೂ ಬಂದಾಗ ನಮ್ಮಲ್ಲಿ ನಡೆಯುವ ಮಾತು ನೆನಪಾಯಿತಲ್ವಾ? ಕೊನೆಗೆ ಸರ್ಕಾರ ಎರಡು ದಿನ ದೇಶವನ್ನೇ ಬಂದ್ ಮಾಡಿತು. ಲಸಿಕೆ ಆಗದವರ ಮನೆ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಿ, ಮನೆ ಮನೆಗೆ ಹೋಗಿ ಸೂಜಿ ಹಾಕಿದರು. ಗಿಡಮದ್ದನ್ನು ಮೆಚ್ಚಿ ಬರೆಯುವ ಯಾರೂ ಈ ಎರಡು ವರ್ಷಗಳನ್ನು ಹಾರಿಸಿ ಬರೆಯಬಾರದು.

ಈ ಮದ್ದುಗಳನ್ನ ಮನೇಲಿ ಮಾಡಿ ನೋಡಬಹುದಾ?

ಸೀಬೆ ಚಿಗುರು, ಒಂದೆಲಗ, ಅರಿಶಿನ ನಿಮ್ಮ ಮನೆಯಲ್ಲಿ ಮೊದಲೇ ಇದ್ದರೆ ನಿಮ್ಮ ಮನೆಯ ಪದ್ಧತಿಯಲ್ಲೇ ಬಳಸಿ, ಅದಕ್ಕೆ ಸಮೋವಾ ಬೇಕಿಲ್ಲ. ಉಳಿದವು ಬೇಡ. ಕುಕುಯಿ ಕಾಯಿ ಹಸಿಯಾಗಿ ತಿಂದರೆ ಭೇದಿ ಹಿಡಿಸುತ್ತದೆ. ಮಮಾಲದ ಜಾತಿಯ ಗಿಡಗಳ ಹಾಲು ಚರ್ಮ ಸುಡಬಲ್ಲದು. ಯಾವ ಮರ, ಯಾವ ಭಾಗ, ಎಷ್ಟು ಅನ್ನುವುದು ಆ ಅಜ್ಜಿಗೆ ಗೊತ್ತು, ಫೋಟೋ ನೋಡಿದ ನಮಗೆ ಗೊತ್ತಿಲ್ಲ.

ನಮ್ಮ ಅಜ್ಜಿಗೂ ಬೇಕಾದಷ್ಟು ಗಿಡಮದ್ದು ಗೊತ್ತು. ಬರೆದಿಡಬೇಕು ಅಂತಿದ್ದೀನಿ, ಹೇಗೆ?

ಗಿಡದ ಹೆಸರು ನಿಮ್ಮೂರಿನಲ್ಲಿ ಏನಂತಾರೋ ಹಾಗೇ ಬರೆದುಕೊಳ್ಳಿ. ಎಲೆ, ಹೂವು, ಕಾಯಿ ಸಮೇತ ಫೋಟೋ ತೆಗೆಯಿರಿ, ಗೊತ್ತಿರುವ ಸಸ್ಯಶಾಸ್ತ್ರದ ಮೇಷ್ಟ್ರ ಹತ್ತಿರ ಗುರುತು ಹಿಡಿಸಿ. ಯಾವ ಭಾಗ, ಹಸಿಯೋ ಒಣಗಿದ್ದೋ, ಎಷ್ಟು, ಯಾವ ವಯಸ್ಸಿನವರಿಗೆ, ಯಾರಿಗೆ ಕೊಡಬಾರದು, ಪಥ್ಯ ಏನು, ಎಲ್ಲ ಕೇಳಿ. ಅಜ್ಜಿ ಯಾವಾಗ ಮದ್ದು ಕೊಡದೆ ಆಸ್ಪತ್ರೆಗೆ ಹೋಗು ಅನ್ನುತ್ತಾರೆ ಅನ್ನುವುದನ್ನು ತಪ್ಪದೆ ಬರೆಯಿರಿ, ಈ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಜೀವವೈವಿಧ್ಯ ಕಾಯ್ದೆಯಡಿ, ಅಂದರೆ 2002ರದ್ದು, ಪಂಚಾಯ್ತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಅಂತ ಇರಬೇಕು. ನಿಮ್ಮ ಪಂಚಾಯ್ತಿಯಲ್ಲಿ ಕೇಳಿ ನೋಡಿ. ಆದರೆ ಅದರಲ್ಲಿ ಸೇರಿಸುವ ಮೊದಲು, ಮೊಬೈಲ್‌ನಲ್ಲಿ ಹತ್ತು ಜನಕ್ಕೆ ಕಳಿಸುವ ಮೊದಲು, ಯಾವುದನ್ನು ಹೇಳಬಹುದು, ಯಾವುದು ಮನೆಯೊಳಗೇ ಇರಲಿ ಅಂತ ಅಜ್ಜಿಯನ್ನೇ ಕೇಳಿ. ಬೇಡ ಅಂದದ್ದನ್ನು ಬಿಟ್ಟುಬಿಡಿ.